ಓಟ ಮುಗಿದ ಮೇಲಿನ ಹತ್ತು ನಿಮಿಷ

ಶಾಲಾ ದೈಹಿಕ ಸಾಮರ್ಥ್ಯ ಪರೀಕ್ಷೆಗಳ ನಿರೀಕ್ಷಣಾಧಿಕಾರಿಗಳಿಗೆ, ಚೆನ್ನೈ

ಮೈದಾನಕ್ಕೆ ಬಾರದೆಯೇ ಮೈದಾನಗಳನ್ನು ಆಳುವ ಮಾನ್ಯರೇ,

ಕಳೆದ ಡಿಸೆಂಬರಿನ ಒಂದು ಬೆಳಿಗ್ಗೆ ನನ್ನ ಮಗಳು ಶ್ರೀಪ್ರಿಯಾ ಆರುನೂರು ಮೀಟರನ್ನು ಎರಡು ನಿಮಿಷ ಆರು ಸೆಕೆಂಡಿನಲ್ಲಿ ಓಡಿದಳು. ನಿಮ್ಮ ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ ‘ಉತ್ತಮ’ ಎಂದು ಬರೆದಿದೆ. ಓಟ ಮುಗಿದ ಆರನೆಯ ನಿಮಿಷಕ್ಕೆ ಅವಳ ಉಸಿರುನಾಳಗಳು ಮುಚ್ಚಿಕೊಳ್ಳತೊಡಗಿದ್ದು ಎಲ್ಲಿಯೂ ಬರೆದಿಲ್ಲ. ಯಾಕೆಂದರೆ ಅದಕ್ಕೆ ನಿಮ್ಮಲ್ಲಿ ಕಾಲಂ ಇಲ್ಲ. ಕಾಲಂ ಇಲ್ಲದ್ದು ನಡೆದೇ ಇಲ್ಲ ಎನ್ನುವುದು ನಿಮ್ಮ ಕಚೇರಿಯ ವೇದಾಂತ. ನಾನು ಈ ಪತ್ರ ಬರೆಯುತ್ತಿರುವುದು ಆ ಒಂದು ಕಾಲಮ್ಮಿಗಾಗಿ.

ಇದು ನನ್ನ ನಾಲ್ಕನೆಯ ಪತ್ರ. ಮೊದಲೆರಡನ್ನು ತಮಿಳಿನಲ್ಲಿ ಬರೆದೆ, ಮೂರನೆಯದನ್ನು ಗಿರಾಕಿಯೊಬ್ಬರ ಕೈಕಾಲು ಹಿಡಿದು ಇಂಗ್ಲಿಷಿನಲ್ಲಿ ಬರೆಸಿದೆ. ಮೂರಕ್ಕೂ ಸ್ವೀಕೃತಿ ಸಂಖ್ಯೆ ಬಂತು. ಉತ್ತರ ಒಂದಕ್ಕೇ ಬಂತು, ಅದೂ ನಾನು ಕೇಳದ ಪ್ರಶ್ನೆಗೆ. ಹೇಗೂ ಓದುವುದಿಲ್ಲ ಎಂದಾದ ಮೇಲೆ, ನೀವು ಓದದೇ ಇರುವ ಪತ್ರ ನನಗೆ ಸುಲಭವಾದ ಭಾಷೆಯಲ್ಲೇ ಇರಲಿ ಎಂದು ಈ ಸಲ ಕನ್ನಡದಲ್ಲಿ, ಇಲ್ಲಿನ ನಮ್ಮ ಕನ್ನಡ ಸಂಘದ ಮಾಸಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ನಮ್ಮ ಮನೆತನ ಮದರಾಸಿಗೆ ಬಂದು ನಾಲ್ಕು ತಲೆಮಾರಾಯಿತು. ತಮಿಳಿನಲ್ಲಿ ವ್ಯಾಪಾರ ಮಾಡುತ್ತೇನೆ, ತಮಿಳಿನಲ್ಲಿ ನಗುತ್ತೇನೆ. ಸಿಟ್ಟು ಮತ್ತು ಹೆದರಿಕೆ ಮಾತ್ರ ಇನ್ನೂ ಕನ್ನಡದಲ್ಲೇ ಬರುತ್ತವೆ. ನಿಮ್ಮ ಕಚೇರಿಯಲ್ಲಿ ಕನ್ನಡ ಬಲ್ಲ ಗುಮಾಸ್ತರೊಬ್ಬರಿದ್ದಾರೆಂದು ಕೇಳಿದ್ದೇನೆ. ಅವರು ಓದಿ ಹೇಳಲಿ. ಅವರಿಗೂ ಓಡುವ ವಯಸ್ಸಿನ ಮಕ್ಕಳಿರಬಹುದು.

ನಾನು ಕಮಲಾಕರ. ಹತ್ತನೆಯ ತರಗತಿಗೆ ಓದು ಮುಗಿಸಿ, ಮಾಧವರಂ ಡೈರಿಯ ಬಳಿ ತಕ್ಕಡಿ ಹೊರುವ ಕೆಲಸಕ್ಕೆ ಸೇರಿ, ಹೊರುತ್ತ ಹೊರುತ್ತ ಬಿಚ್ಚುವುದನ್ನು, ಬಿಚ್ಚುತ್ತ ಬಿಚ್ಚುತ್ತ ಜೋಡಿಸುವುದನ್ನು ಕಲಿತವನು. ಈಗ ಅಲ್ಲೇ ನನ್ನದೊಂದು ತಕ್ಕಡಿ ರಿಪೇರಿ ಅಂಗಡಿ ಇದೆ. ಮೀನಿನ ತಕ್ಕಡಿ, ಮಗು ತೂಗುವ ತಕ್ಕಡಿ, ಲಾರಿ ನಿಲ್ಲಿಸುವ ತಕ್ಕಡಿ, ಎಲ್ಲದರ ಹೊಟ್ಟೆಯೊಳಗೂ ಕೈ ಹಾಕಿದ್ದೇನೆ. ನಮ್ಮ ಕಸುಬಿನಲ್ಲಿ ಮೊದಲ ದಿನ ಕಲಿಸುವ ಪಾಠ ಒಂದಿದೆ, ಅದನ್ನು ನಿಮಗೆ ಪುಕ್ಕಟೆ ಕಲಿಸುತ್ತೇನೆ. ತಕ್ಕಡಿಯ ಮೇಲೆ ಭಾರ ಇಟ್ಟಾಗ ಅದು ಸರಿಯಾಗಿ ತೋರಿಸಿತು ಎನ್ನುವುದು ಅರ್ಧ ಪರೀಕ್ಷೆ. ಭಾರ ತೆಗೆದ ಮೇಲೆ ಮುಳ್ಳು ಸೊನ್ನೆಗೆ ಮರಳಿತೇ ಎಂದು ನಿಂತು ನೋಡುವುದು ಉಳಿದರ್ಧ. ಕೆಟ್ಟ ತಕ್ಕಡಿ ಸಿಕ್ಕಿಬೀಳುವುದು ಈ ಎರಡನೆಯ ಅರ್ಧದಲ್ಲೇ. ನನಗೆ ಕಸುಬು ಕಲಿಸಿದ ಮುದುಕರು ಭಾರ ತೆಗೆದ ತಕ್ಷಣ ಬೆನ್ನು ತಿರುಗಿಸಿದ ಶಿಷ್ಯನ ತಲೆಗೆ ಸ್ಪ್ಯಾನರಿನಿಂದ ಮೊಟಕುತ್ತಿದ್ದರು. ನಿಮಗೆ ಮೊಟಕುವವರು ಯಾರೂ ಇರಲಿಲ್ಲ ಎಂದು ಕಾಣುತ್ತದೆ. ಮಕ್ಕಳ ಮೇಲೆ ಭಾರ ಇಡುತ್ತೀರಿ, ಸೆಕೆಂಡು ಬರೆದುಕೊಳ್ಳುತ್ತೀರಿ, ಬೆನ್ನು ತಿರುಗಿಸುತ್ತೀರಿ.

ಆ ದಿನದ ಲೆಕ್ಕ ಕೇಳಿ. ಮಗಳು ಹೇಳಿದ್ದು, ಅವಳ ಗೆಳತಿ ಹೇಳಿದ್ದು, ಗೇಟಿನ ಕ್ಯಾಮೆರಾ ತೋರಿಸಿದ್ದು, ಮೂರನ್ನೂ ತಾಳೆ ನೋಡಿ ಬರೆದದ್ದು ಇದು.

ಮಳೆಗಾಲ ಮುಗಿದು ಮೊದಲ ತಂಪು ಬಿದ್ದ ವಾರ. ಇಪ್ಪತ್ತೆರಡು ಡಿಗ್ರಿಗೇ ಮಂಕಿ ಕ್ಯಾಪು ಹಾಕಿಕೊಂಡು ವಾಕಿಂಗ್ ಹೊರಡುವ ಊರು ನಮ್ಮದು, ನಿಮಗೆ ಗೊತ್ತು. ಅಣ್ಣಾ ನಗರದ ಆ ಶಾಲೆಯ ಮೈದಾನದ ಪಕ್ಕದ ರಸ್ತೆಯನ್ನು ಯಾವುದೋ ಪೈಪಿಗಾಗಿ ಅಗೆದು ಹಾಕಿದ್ದರು. ಒಣಗಿದ ಮಣ್ಣು ಗಾಳಿಯಲ್ಲಿತ್ತು. ಇನ್ನೂರ ಹನ್ನೆರಡು ಮಕ್ಕಳಿಗೆ ಒಬ್ಬ ಪಿ.ಟಿ. ಮಾಸ್ಟರು, ಒಂದು ಸೀಟಿ, ಒಂದು ಸ್ಟಾಪ್‌ವಾಚು. ಹತ್ತು ಗಂಟೆಯೊಳಗೆ ಎಲ್ಲರದನ್ನೂ ಮುಗಿಸಿ ಆನ್‌ಲೈನಿನಲ್ಲಿ ತುಂಬಬೇಕೆಂಬುದು ನಿಮ್ಮ ಸುತ್ತೋಲೆ. ಮೈ ಕಾಯಿಸಿಕೊಳ್ಳಲು ಸಮಯವಿರಲಿಲ್ಲ. ಬಸ್ಸಿಳಿದ ಮಕ್ಕಳು ಚೀಲ ಕೆಳಗಿಟ್ಟು ಗೆರೆಯ ಮೇಲೆ ನಿಂತರು.

ಏಳು ಗಂಟೆ ನಲವತ್ತೆರಡಕ್ಕೆ ಶ್ರೀಪ್ರಿಯಾ ಗೆರೆ ದಾಟಿದಳು. ಅವಳ ಗುಂಪಿನಲ್ಲಿ ಮೊದಲಿಗಳು. ಮಾಸ್ಟರು ಬೆನ್ನು ತಟ್ಟಿದರು. ನಲವತ್ನಾಲ್ಕಕ್ಕೆ ಹೊಂಗೆ ಮರದ ಕೆಳಗೆ ಕೂತಳು. ಆಗಲೂ ನಗುತ್ತಿದ್ದಳು. ನಲವತ್ತೆಂಟಕ್ಕೆ ಒಣ ಕೆಮ್ಮು. ಐವತ್ತಕ್ಕೆ ಮಾತು ತುಂಡಾಗತೊಡಗಿತು. ಮಾಸ್ಟರ ಕಣ್ಣು ಆಗ ಮುಂದಿನ ಗುಂಪಿನ ಮೇಲಿತ್ತು. ಇರಬೇಕಾದದ್ದೂ ಅಲ್ಲೇ, ಒಬ್ಬ ಮನುಷ್ಯನಿಗೆ ದೇವರು ಕೊಟ್ಟದ್ದು ಒಂದೇ ಜೊತೆ ಕಣ್ಣು.

ಅವಳನ್ನು ನೋಡಿದ್ದು ತೇಜು. ಮೂರು ವರ್ಷದ ಕೆಳಗೆ ಹಾಸನದಿಂದ ಬಂದ ಸಂಸಾರದ ಹುಡುಗಿ, ನನ್ನ ಮಗಳ ಪಕ್ಕದ ಬೆಂಚಿನವಳು. ಆಮೇಲೆ ಆಸ್ಪತ್ರೆಯ ವರಾಂಡದಲ್ಲಿ ನನ್ನ ಮುಂದೆ ನಿಂತು ಹೇಳಿದಳು:

“ಅಂಕಲ್, ಅವಳು ಯಾವಾಗ್ಲೂ ಪಟಪಟ ಅಂತ ತಮಿಳಲ್ಲಿ ಮಾತಾಡ್ತಾಳಲ್ವಾ. ಆವತ್ತು ಒಂದೊಂದೇ ಪದ. ನಾನು ಜೋಕ್ ಅಂದ್ಕೊಂಡೆ. ‘ಏನೇ, ಫಸ್ಟ್ ಬಂದಿದ್ದಕ್ಕೆ ಸ್ಲೋ ಮೋಷನ್ನಾ?’ ಅಂತ ರೇಗಿಸ್ದೆ. ಅವಳು ನಗ್ಲಿಲ್ಲ. ಕತ್ತಿನ ಕೆಳಗಿನ ಗುಣಿ ಒಳಗ್ ಹೋಗ್ತಾ ಬರ್ತಾ ಇತ್ತು. ಆಮೇಲೆ ಓಡಿದೆ ಅಂಕಲ್. ಒಂದ್ ನಿಮಿಷ ರೇಗಿಸ್ಬಿಟ್ಟೆ. ಸಾರಿ.”

ಹದಿನಾಲ್ಕು ವರ್ಷದ ಮಗು ಒಂದು ನಿಮಿಷಕ್ಕೆ ಕ್ಷಮೆ ಕೇಳಿತು. ನಿಮ್ಮ ಕಚೇರಿಯ ಒಂಬತ್ತು ನಿಮಿಷಕ್ಕೆ ಕ್ಷಮೆ ಕೇಳಿದವರು ಯಾರೂ ಇಲ್ಲ. ಅದು ಯಾವ ಒಂಬತ್ತು ನಿಮಿಷ ಎನ್ನುತ್ತೀರಾ? ವಿದ್ಯಾರ್ಥಿಗಳು ಯಾವುದೇ ಔಷಧವನ್ನು ತಮ್ಮ ಬಳಿ ಇಟ್ಟುಕೊಳ್ಳತಕ್ಕದ್ದಲ್ಲ, ಬೆಳಿಗ್ಗೆ ಕಚೇರಿಗೆ ಒಪ್ಪಿಸಿ ಸಂಜೆ ಪಡೆಯತಕ್ಕದ್ದು ಎಂಬುದೂ ನಿಮ್ಮದೇ ಸುತ್ತೋಲೆ. ಅವಳ ಇನ್‌ಹೇಲರು ಕಚೇರಿಯ ಬೀರುವಿನಲ್ಲಿತ್ತು. ಬೀರುವಿನ ಬೀಗದ ಕೈ ಅಟೆಂಡರ ಬಳಿ. ಅಟೆಂಡರು ಬೀದಿಯ ಕೊನೆಯಲ್ಲಿ, ನಿಮ್ಮದೇ ಪರೀಕ್ಷೆಯ ನಮೂನೆಗಳನ್ನು ಜೆರಾಕ್ಸ್ ಮಾಡಿಸುತ್ತಿದ್ದರು. ತೇಜು ಐವತ್ತೊಂದಕ್ಕೆ ಕಚೇರಿಯ ಬಾಗಿಲಲ್ಲಿದ್ದಳು. ಬೀರು ತೆರೆದದ್ದು ಎಂಟಕ್ಕೆ.

ಎಂಟು ಗಂಟೆ ಎರಡು ನಿಮಿಷಕ್ಕೆ ಇನ್‌ಹೇಲರು ಮಗಳ ಬಾಯಿಗೆ ಬಂತು. ಎಳೆದಳು, ಮದ್ದು ಒಳಗೆ ಹೋಗಲಿಲ್ಲ. ಯಾಕೆ ಹೋಗಲಿಲ್ಲ ಎಂಬುದನ್ನೂ ಹೇಳುತ್ತೇನೆ, ಆದರೆ ಆ ಮಾತಿನಲ್ಲಿ ನನಗೆ ಮರ್ಯಾದೆಯಿಲ್ಲ, ಸ್ವಲ್ಪ ತಡೆಯಿರಿ. ಪಿ.ಟಿ. ಮಾಸ್ಟರೇ ಅವಳನ್ನು ಎತ್ತಿ ಆಟೋದಲ್ಲಿ ಹಾಕಿಕೊಂಡು ಓಡಿದರು. ಎಂಟು ಹದಿನೇಳಕ್ಕೆ ಮುಖಕ್ಕೆ ಮಾಸ್ಕು ಬಿತ್ತು. ನಾನು ಮಾಧವರಂನಿಂದ ತಲುಪುವಷ್ಟರಲ್ಲಿ ಅವಳ ತುಟಿಗೆ ಬಣ್ಣ ಮರಳಿತ್ತು. ನನ್ನನ್ನು ನೋಡಿ ಮಾಸ್ಕಿನೊಳಗಿಂದಲೇ “ಫಸ್ಟ್ ಪಾ” ಎಂದಳು.

ಮಾಸ್ಟರು ಬಾಗಿಲ ಬಳಿ ಬೆವರು ಒರೆಸಿಕೊಳ್ಳುತ್ತಿದ್ದರು. “ಸಾರ್, ಪೊಣ್ಣು ಸೂಪರಾ ಓಡಿಚ್ಚು ಸಾರ್. ಮುಡಿಂಜದುಕ್ಕಪ್ಪುರಂ ತಾನ್ ಇಪ್ಪಡಿ ಆಚ್ಚು” ಎಂದರು. ಹುಡುಗಿ ಚೆನ್ನಾಗಿಯೇ ಓಡಿದಳು, ಹೀಗಾದದ್ದು ಮುಗಿದ ಮೇಲೆ ತಾನೇ, ಎಂದು. ಆ ಮಾತು ನನ್ನ ಕಿವಿಗೆ ಹೊಸದಾಗಿರಲಿಲ್ಲ. ಎಲ್ಲಿ ಕೇಳಿದ್ದೆ ಎಂಬುದು ಆ ಹೊತ್ತಿಗೆ ಹೊಳೆಯಲಿಲ್ಲ, ಅಥವಾ ಹೊಳೆಯುವುದು ನನಗೇ ಬೇಡವಾಗಿತ್ತು.

ಡಾಕ್ಟರಮ್ಮ ನಮ್ಮನ್ನು ಕೂರಿಸಿ ತಿಳಿಸಿದರು. ಸಣ್ಣದಾಗಿ ಉಬ್ಬಸ ಇರುವ ಮಕ್ಕಳಿಗೆ ಓಟವೇ ಅದನ್ನು ಎಬ್ಬಿಸಬಹುದಂತೆ. ಸುಮ್ಮನಿದ್ದಾಗ ನಾವು ಮೂಗಿನಲ್ಲಿ ಉಸಿರಾಡುತ್ತೇವೆ. ಮೂಗು ಒಳ್ಳೆಯ ಕಾವಲುಗಾರ, ಗಾಳಿಯನ್ನು ಬೆಚ್ಚಗೆ ಮಾಡಿ, ತೇವ ಕೊಟ್ಟು, ಧೂಳು ಝಾಡಿಸಿ ಒಳಗೆ ಬಿಡುತ್ತದೆ. ಜೋರಾಗಿ ಓಡುವಾಗ ಆ ಸಣ್ಣ ಬಾಗಿಲು ಸಾಲದು, ಬಾಯಿ ತೆರೆಯುತ್ತದೆ. ಬಾಯಿಗೆ ಆ ಕೆಲಸ ಬಾರದು. ತಣ್ಣನೆಯ ಗಾಳಿ ರಭಸವಾಗಿ ನುಗ್ಗಿ ಉಸಿರುನಾಳದ ಒಳಗೋಡೆಯ ತೇವವನ್ನು ಹೀರಿಕೊಳ್ಳುತ್ತದೆ. ಗೋಡೆ ಕೆರಳುತ್ತದೆ, ಸುತ್ತಲಿನ ಸ್ನಾಯು ಬಿಗಿಯುತ್ತದೆ. “ನಮ್ಮ ಚೆನ್ನೈಯಲ್ಲಿ ಒಣ ಗಾಳಿ ಎಲ್ಲಿಂದ ಬಂತು ಮೇಡಂ, ಇಲ್ಲಿ ಉಪ್ಪೇ ಒಣಗಿರೋದಿಲ್ಲ” ಎಂದೆ. ಅಷ್ಟು ವೇಗದಲ್ಲಿ ಎಳೆದರೆ ನಮ್ಮೂರಿನ ಗಾಳಿಯೂ ಸಾಕು, ಜೊತೆಗೆ ಧೂಳಿದ್ದರೆ ಇನ್ನೂ ಸಾಕು ಎಂದರು.

ಆಮೇಲೆ ಅವರು ಇನ್ನೊಂದು ಮಾತು ಹೇಳಿದರು. “ಓಡ್ತಾ ಇರೋವಾಗ ಹೆಚ್ಚಿನವರಿಗೆ ಏನೂ ಆಗೋಲ್ಲ. ದೇಹವೇ ಆಗ ನಾಳಗಳನ್ನ ತೆರೆದಿಟ್ಟಿರುತ್ತೆ. ನಿಂತ ಮೇಲೆ, ಐದು ನಿಮಿಷದಿಂದ ಹದಿನೈದು ನಿಮಿಷದ ಒಳಗೆ, ಆಗ ಜೋರಾಗೋದು. ಎಲ್ಲರೂ ಓಟ ನೋಡ್ತಾರೆ. ನೋಡಬೇಕಾದ್ದು ಆಮೇಲಿಂದು.”

ಮುಳ್ಳು ಸೊನ್ನೆಗೆ ಮರಳಿತೇ ಎಂದು ನೋಡುವ ಹೊತ್ತು.

ನಿಮ್ಮ ಉತ್ತರದ ವಿಷಯಕ್ಕೆ ಬರುತ್ತೇನೆ. ಜನವರಿಯಲ್ಲಿ ಬಂದ ಆ ಒಂದು ಹಾಳೆಯಲ್ಲಿ ಸಾಲುಗಳು ಐದು. ಮೂರನೆಯ ಸಾಲಿನಲ್ಲಿ ಹೀಗಿದೆ: ಸದರಿ ವಿದ್ಯಾರ್ಥಿನಿಯು ಪರೀಕ್ಷೆಯನ್ನು ಯಶಸ್ವಿಯಾಗಿ ಪೂರ್ಣಗೊಳಿಸಿದ್ದು, ಘಟನೆಯು ಕಾರ್ಯಕ್ರಮ ಮುಕ್ತಾಯಗೊಂಡ ತರುವಾಯ ಸಂಭವಿಸಿರುವುದರಿಂದ ಪರೀಕ್ಷೆಗೂ ಘಟನೆಗೂ ಸಂಬಂಧವಿರುವುದಿಲ್ಲ. ಕನ್ನಡಕ್ಕೆ ತಿರುಗಿಸಿದವನು ನಾನೇ, ಆದರೆ ಒಂದು ಪದವನ್ನೂ ಕೂಡಿಸಿಲ್ಲ, ಕಳೆದಿಲ್ಲ. ಎಂಥ ಸೊಗಸಾದ ತರ್ಕ! ವಿಷ ಕುಡಿದು ಲೋಟ ಕೆಳಗಿಟ್ಟ ಮೇಲೆ ಸತ್ತರೆ ಕುಡಿದದ್ದಕ್ಕೂ ಸತ್ತದ್ದಕ್ಕೂ ಸಂಬಂಧವಿಲ್ಲ. ಹಾಗಾದರೆ ಸಂಬಂಧ ಸಾಬೀತಾಗಬೇಕಾದರೆ ನನ್ನ ಮಗಳು ಏನು ಮಾಡಬೇಕಿತ್ತು? ಗೆರೆ ದಾಟುವ ಒಂದು ಮೀಟರ್ ಮೊದಲೇ ಬೀಳಬೇಕಿತ್ತೇ?

ಆ ಸಾಲನ್ನು ನಾನು ಅಂಗಡಿಯಲ್ಲಿ ನಿಂತು ಓದಿದೆ. ಓದಿ, ಶಟರು ಎಳೆದು, ಮನೆಗೆ ಬಂದು ಹಳೆಯ ಟ್ರಂಕನ್ನು ಇಳಿಸಿದೆ. ಅದರಲ್ಲಿ ನಮ್ಮಪ್ಪ ಇಟ್ಟುಹೋದ ಕಾಗದಗಳಲ್ಲಿ ಇನ್ನೊಂದು ಹಾಳೆ ಇದೆ ಎಂಬುದು ನನಗೆ ಗೊತ್ತಿತ್ತು. ನಲವತ್ತು ವರ್ಷಗಳಿಂದ ನಾನದನ್ನು ಬಿಚ್ಚಿರಲಿಲ್ಲ.

ನನಗೊಬ್ಬ ಅಣ್ಣನಿದ್ದ, ಗುರುಚರಣ. ಸಾವಿರದ ಒಂಬೈನೂರ ಎಂಬತ್ತೊಂದರಲ್ಲಿ ಅವನಿಗೆ ಹದಿಮೂರು, ನನಗೆ ಹತ್ತು. ತಂಪು ದಿನಗಳಲ್ಲಿ ಅವನ ಎದೆಯೊಳಗೆ ಬೆಕ್ಕಿನ ಮರಿ ಕೂತು ಅಳುವ ಹಾಗೆ ಸದ್ದು ಬರುತ್ತಿತ್ತು. ಅದಕ್ಕೆ ಉಬ್ಬಸ ಎಂಬ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ. ಹೇಳಿದರೆ ನೆಂಟಸ್ತನ ಕೂಡುವುದಿಲ್ಲವಂತೆ. ಶಾಲೆಯ ಕ್ರೀಡಾದಿನದಂದು ಅವನು ಓಡಿದ. ನಾನು ಅವನ ಚಪ್ಪಲಿ ಹಿಡಿದುಕೊಂಡು ಹಗ್ಗದ ಆಚೆ ನಿಂತಿದ್ದೆ. ಎರಡನೆಯವನಾಗಿ ಬಂದ. ವೇದಿಕೆಗೆ ಕರೆದು ಒಂದು ಸ್ಟೀಲ್ ಲೋಟ ಬಹುಮಾನ ಕೊಟ್ಟರು. ಲೋಟ ಎತ್ತಿ ನನಗೆ ತೋರಿಸಿದ. ಇಳಿದು ಬಂದು ಕೆಮ್ಮಿದ. “ನೀರು” ಎಂದ. ನಲ್ಲಿಯ ಹತ್ತಿರ ಹೋಗಿ ಆ ಹೊಸ ಲೋಟದಲ್ಲೇ ಹಿಡಿದು ಒಂದು ಗುಟುಕು ಕುಡಿದ. ಎರಡನೆಯ ಗುಟುಕು ಗಂಟಲಿಗೆ ಇಳಿಯಲಿಲ್ಲ. ನಲ್ಲಿಕಟ್ಟೆಗೆ ಒರಗಿ ಕೂತ. ಎದೆಯೊಳಗಿನ ಬೆಕ್ಕಿನ ಮರಿ ಅಳುತ್ತಿತ್ತು, ಆಮೇಲೆ ಸಣ್ಣದಾಗಿ ಅಳುತ್ತಿತ್ತು, ಆಮೇಲೆ ಅಳಲಿಲ್ಲ. ಸದ್ದು ನಿಂತದ್ದಕ್ಕೆ ನಾನು ಸಮಾಧಾನಪಟ್ಟೆ ಮಾನ್ಯರೇ. ಸರಿಹೋಯಿತು ಅಂದುಕೊಂಡೆ. ಹತ್ತು ವರ್ಷದವನಿಗೆ ಏನು ಗೊತ್ತು? ಸದ್ದು ನಿಲ್ಲುವುದು ಗಾಳಿಯೇ ಆಡದಿದ್ದಾಗ ಎಂದು ನನಗೆ ಈ ಡಿಸೆಂಬರಿನಲ್ಲಿ ಡಾಕ್ಟರಮ್ಮ ಹೇಳಿದರು.

ವೇದಿಕೆಯ ಮೇಲೆ ಎಲ್ಲರ ಮುಂದೆ ನಿಂತನಲ್ಲ, ದೃಷ್ಟಿ ತಾಗಿತು ಎಂದರು ಬಂಧುಗಳು. ಗುಂಡಿಗೆ ಸೂಕ್ಷ್ಮ ಎಂದರು ಇನ್ನು ಕೆಲವರು. ಓಟ ಎಂದವರು ಯಾರೂ ಇಲ್ಲ, ಯಾಕೆಂದರೆ ಓಟವನ್ನು ಅವನು ನಗುನಗುತ್ತ ಮುಗಿಸಿದ್ದನ್ನು ಊರೇ ನೋಡಿತ್ತು. ಟ್ರಂಕಿನಲ್ಲಿರುವ ಹಾಳೆ ಆ ಶಾಲೆಯ ಸಂತಾಪ ಪತ್ರ. ಅದರ ಎರಡನೆಯ ಸಾಲು, ಕನ್ನಡಕ್ಕೆ ತಂದರೆ: ದುರದೃಷ್ಟಕರ ಘಟನೆಯು ಕಾರ್ಯಕ್ರಮ ಮುಕ್ತಾಯಗೊಂಡ ತರುವಾಯ ಸಂಭವಿಸಿರುತ್ತದೆ.

ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಒಂದು ಟೈಪ್‌ರೈಟರಿನದು, ಒಂದು ಲೇಸರ್ ಪ್ರಿಂಟರಿನದು. ನಲವತ್ನಾಲ್ಕು ವರ್ಷಗಳಲ್ಲಿ ಯಂತ್ರ ಬದಲಾಗಿದೆ, ಮದರಾಸು ಚೆನ್ನೈ ಆಗಿದೆ, ಮೆಟ್ರೋ ಬಂದಿದೆ. ಆ ವಾಕ್ಯ ಮಾತ್ರ ಹಾಗೇ ಇದೆ. ಅದನ್ನು ಯಾರು ಯಾರಿಗೆ ದಾಟಿಸುತ್ತ ಬಂದರು? ನಿಮ್ಮ ಕುರ್ಚಿಗೆ ಬರುವವರಿಗೆ ಬೀಗದ ಕೈಯ ಜೊತೆ ಅದನ್ನೂ ಕೊಡುತ್ತಾರೆಯೇ?

ಈಗ ನನ್ನ ಪಾಲಿನದು. ಇದನ್ನು ನಿಮ್ಮ ಗುಮಾಸ್ತರು ಮೆಲ್ಲಗೆ ಓದಲಿ.

ನಮ್ಮಮ್ಮ ಕೌಸಲ್ಯಾ. ವಯಸ್ಸು ಎಂಬತ್ತು. ನಮ್ಮದು ಮಡಿ ಮೈಲಿಗೆಯ ಮನೆ, ಬಾಯಿಗೆ ತಾಗಿದ್ದು ಎಂಜಲು. ಸ್ಪೂನಾಗಲಿ ಥರ್ಮಾಮೀಟರಾಗಲಿ, ತೊಳೆಯದೆ ಮುಚ್ಚಿಡುವಂತಿಲ್ಲ. ಶ್ರೀಪ್ರಿಯಾಳ ಇನ್‌ಹೇಲರು ಕ್ಯಾಪ್ಸೂಲು ಹಾಕಿ ಪುಡಿ ಎಳೆದುಕೊಳ್ಳುವ ಬಗೆಯದು. ಬಾಯಲ್ಲಿಟ್ಟು ಎಳೆಯುವುದು. ಹಾಗಾಗಿ ನಮ್ಮಮ್ಮ ದಿನಾ ಬೆಳಿಗ್ಗೆ ಆರಕ್ಕೆ, ಹಲ್ಲುಜ್ಜುವ ಬ್ರಷ್ಷುಗಳ ಜೊತೆ, ಅದನ್ನೂ ತೊಳೆದು, ನೀರು ಕೊಡವಿ, ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು, ಮೊಮ್ಮಗಳ ಚೀಲಕ್ಕೆ ಇಡುತ್ತಿದ್ದರು. “ಬಾಯಿಗಿಟ್ಟದ್ದನ್ನ ಹಾಗೇ ಮುಚ್ಚಿಟ್ಟು ಸ್ಕೂಲಿಗೆ ಕಳಿಸ್ತಾರೇನೋ, ಅಸಹ್ಯ” ಎನ್ನುತ್ತಿದ್ದರು. ನಾನು ದಿನಾ ನೋಡುತ್ತಿದ್ದೆ. ನಮ್ಮಮ್ಮನ ಕೈಗೆ ಸಿಕ್ಕು ತೊಳೆಯದೆ ಉಳಿದ ವಸ್ತುವಿಲ್ಲ ಎಂದು ಗೆಳೆಯರಲ್ಲಿ ಹೇಳಿ ನಗುತ್ತಿದ್ದೆ.

ಪುಡಿ ಮದ್ದಿಗೆ ತೇವ ಆಗದು. ಒಳಗೋಡೆ ಒದ್ದೆಯಿದ್ದರೆ ಪುಡಿ ಅಲ್ಲೇ ಅಂಟಿ ಹಿಟ್ಟಾಗುತ್ತದೆ. ಆ ದಿನ ಎರಡು ಕ್ಯಾಪ್ಸೂಲು ಒಡೆದರು. ಖರ್ಚಾದದ್ದು ಎರಡು, ಎದೆಗೆ ಸೇರಿದ್ದು ಸೊನ್ನೆ. ತಕ್ಕಡಿಯೊಳಗೆ ಭಾರ ಅಳೆಯುವ ಲೋಡ್ ಸೆಲ್ಲಿಗೆ ನೀರು ಸೋಕಿಸಬೇಡಿ, ಒಣಗದೆ ಮುಚ್ಚಬೇಡಿ ಎಂದು ಮೀನಿನಂಗಡಿಯವರಿಗೆ ದಿನಕ್ಕೆ ಹತ್ತು ಸಲ ಪಾಠ ಮಾಡುವವನು ನಾನು. ನನ್ನ ಮನೆಯ ಬಚ್ಚಲಿನಲ್ಲಿ ನಡೆಯುತ್ತಿದ್ದುದು ನನಗೆ ಕಾಣಲಿಲ್ಲ. ನಿಮ್ಮ ಬೀಗ ಒಂಬತ್ತು ನಿಮಿಷ ತಿಂದಿತು. ನಮ್ಮ ಮಡಿ ಉಳಿದ ಹದಿನೈದನ್ನು ತಿಂದಿತು. ನಮ್ಮ ಪಾಲನ್ನು ನಾನು ಒಪ್ಪಿಕೊಂಡಿದ್ದೇನೆ, ಹೆಸರು ಹಾಕಿ, ಅಚ್ಚಿನಲ್ಲಿ. ನಿಮ್ಮ ಪಾಲಿಗೆ ನೀವು ಕೊಟ್ಟದ್ದು ಐದು ಸಾಲು.

ಅಂದಿನಿಂದ ಒಂದು ಚಾಳಿ ಹತ್ತಿಕೊಂಡಿದೆ. ಮಾಧವರಂ ಬಸ್ ಟರ್ಮಿನಸ್ಸಿನಲ್ಲಿ ಬಸ್ಸಿನ ಬಾಗಿಲು ಉಸ್ಸೆಂದು ಮುಚ್ಚಿದರೆ ನಾನು ಎಣಿಸತೊಡಗುತ್ತೇನೆ. ಕುಕ್ಕರಿನ ಸೀಟಿ ನಿಂತರೆ ಎಣಿಸುತ್ತೇನೆ. ಗಿರಾಕಿ ಭಾರ ಇಟ್ಟು ತೆಗೆದರೆ, ಮುಳ್ಳು ಸೊನ್ನೆಗೆ ಬಂದ ಮೇಲೂ ಎಣಿಸುತ್ತಲೇ ಇರುತ್ತೇನೆ. “ಏನಣ್ಣಾ, ದುಡ್ಡು ಎಣಿಸೋದು ಬಿಟ್ಟು ಏನೋ ಎಣಿಸ್ತೀರಿ” ಎಂದು ಅಂಗಡಿಯಲ್ಲಿ ನಗುತ್ತಾರೆ. ನಾನು ಎಣಿಸುತ್ತಿರುವುದು ಆ ನಲ್ಲಿಕಟ್ಟೆಯ ಬಳಿ ಎಣಿಸದೆ ಹೋದದ್ದನ್ನು. ಅಣ್ಣ ಕೂತ ಮೇಲೆ ಎಷ್ಟು ನಿಮಿಷವಾಯಿತು? ಚಪ್ಪಲಿ ಬಿಸಾಡಿ ಯಾರನ್ನಾದರೂ ಕೂಗಲು ನನಗೆ ಎಷ್ಟು ಸಮಯವಿತ್ತು? ಆ ಲೆಕ್ಕ ಯಾವ ಕಾಗದದಲ್ಲೂ ಇಲ್ಲ.

ಇಷ್ಟಾದ ಮೇಲೆ ನಿಮ್ಮ ಕಚೇರಿ ನನಗೆ ಒಂದು ಲಕೋಟೆಯಲ್ಲಿ ಎರಡು ನಮೂನೆ ಕಳಿಸಿದೆ. ಎರಡು ನಿಮಿಷ ಆರು ಸೆಕೆಂಡು ವಲಯ ಮಟ್ಟಕ್ಕೆ ಸಾಕಾಗುವ ವೇಗವಂತೆ. ಫೆಬ್ರವರಿ ಒಂಬತ್ತರಂದು ಶ್ರೀಪ್ರಿಯಾ ವಲಯದ ಓಟಕ್ಕೆ ಆಯ್ಕೆಯಾಗಿದ್ದಾಳೆ. ಓಡುವುದಾದರೆ ಮೊದಲ ನಮೂನೆಗೆ ನಾನು ಸಹಿ ಹಾಕಬೇಕು: ಸ್ಪರ್ಧೆ ಮುಗಿದ ನಂತರ ಆಗುವ ಯಾವುದಕ್ಕೂ ಪೋಷಕನೇ ಹೊಣೆ. ಓಡದಿದ್ದರೆ ಎರಡನೆಯದಕ್ಕೆ: ಆರೋಗ್ಯದ ಕಾರಣ ಶಾಲೆ ಮುಗಿಯುವವರೆಗೆ ಎಲ್ಲ ಆಟೋಟಗಳಿಂದ ಶಾಶ್ವತ ವಿನಾಯಿತಿ. ಒಂದರಲ್ಲಿ ಮಗಳನ್ನು ನಿಮಗೆ ಬಿಟ್ಟುಕೊಡಬೇಕು, ಇನ್ನೊಂದರಲ್ಲಿ ಬೆಂಚಿಗೆ. ಮಧ್ಯದಲ್ಲಿ ಏನೂ ಇಲ್ಲ.

ನಿಜ ಹೇಳುತ್ತೇನೆ, ನಾನು ಎರಡನೆಯದನ್ನು ತೆಗೆದುಕೊಂಡು ಪೆನ್ನು ತೆರೆದೆ. ಊಟದ ಹೊತ್ತು, ಎಲ್ಲರೂ ಇದ್ದರು.

“ಅದುಲ ಸೈನ್ ಪಣ್ಣಾದೀಂಗಪ್ಪಾ” ಎಂದಳು ಮಗಳು. ಅದಕ್ಕೆ ಸಹಿ ಹಾಕಬೇಡಿ, ಎಂದು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ತಮಿಳಿನಲ್ಲೇ.

“ನೀನು ಸುಮ್ನಿರು. ನೀನು ನೋಡಿದೀಯಾ ಅವತ್ತು ನಿನ್ನ ಮುಖ?”

“ನೀಂಗಳುಂ ಪಾಕ್ಕಲಿಯೇ,” ಎಂದಳು. ನೀವೂ ನೋಡಲಿಲ್ಲವಲ್ಲ. ಆಮೇಲೆ, ನನ್ನನ್ನು ಗೆಲ್ಲಬೇಕಾದಾಗ ಮಾತ್ರ ಹೊರತೆಗೆಯುವ ಅವಳ ಮುರುಕು ಕನ್ನಡದಲ್ಲಿ, “ಡಾಕ್ಟರ್ ಹೇಳಿದ್ರು ಅಲ್ವಾ. ಹದಿನೈದು ನಿಮಿಷ ಮುಂಚೆ ಮದ್ದು. ಮೆತ್ತಗೆ ಓಡಿ ಮೈ ಬಿಸಿ ಮಾಡ್ಕೋ. ಸಡನ್ನಾಗಿ ನಿಲ್ಲಬೇಡ, ನಡೀತಾ ಇರು. ಪಾಕೆಟ್‌ನಲ್ಲಿ ಇನ್‌ಹೇಲರ್. ಓಡಬೇಡ ಅಂತ ಹೇಳಲಿಲ್ಲ ಅವರು. ಹೇಳಿದ್ರಾ?”

ಹೇಳಿರಲಿಲ್ಲ. ಉಬ್ಬಸವಿದ್ದವರೂ ಸರಿಯಾಗಿ ನೋಡಿಕೊಂಡರೆ ಓಡಬಹುದು, ಓಡಬೇಕು ಕೂಡ ಎಂದಿದ್ದರು. ಆದರೂ ನನ್ನ ಪೆನ್ನು ಕಾಗದದ ಮೇಲೆಯೇ ಇತ್ತು. ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಮ್ಮ ಮಾತಾಡಿದರು. ನಲವತ್ನಾಲ್ಕು ವರ್ಷಗಳಲ್ಲಿ ಅವರ ಬಾಯಲ್ಲಿ ಅಣ್ಣನ ಹೆಸರನ್ನು ನಾನು ಕೇಳಿರಲಿಲ್ಲ.

“ಚರಣನ್ನ ಓಡಬೇಡ ಅಂದಿದ್ರೆ ಉಳೀತಿದ್ದ ಅಂತ ಇಷ್ಟು ವರ್ಷ ಅಂದ್ಕೊಂಡಿದ್ದೆ ಕಣೋ ಕಮಲಾ. ಓಡಿದ ಮೇಲೆ ಯಾರಾದ್ರೂ ಪಕ್ಕದಲ್ಲಿ ಕೂತು ನೋಡಿದ್ರೆ ಉಳೀತಿದ್ದ ಅಂತ ನಂಗೆ ಯಾರೂ ಹೇಳ್ಲಿಲ್ಲ.”

ಹೇಳಿ ದೇವರ ಮನೆಗೆ ಹೋದರು. ಗೂಡಿನ ಹಿಂದಿನಿಂದ ಒಂದು ಸ್ಟೀಲ್ ಲೋಟ ತಂದರು. ಅದು ಮನೆಯಲ್ಲೇ ಇದೆ ಎಂದು ನನಗೆ ಗೊತ್ತಿರಲಿಲ್ಲ. ಅಂಚಿನಲ್ಲಿ ಎಂಬತ್ತೊಂದರ ಇಸವಿ, ‘ಎರಡನೆಯ ಬಹುಮಾನ’ ಎಂದು ಕೊರೆದದ್ದು. ನಾನು ಅಭ್ಯಾಸಬಲದಿಂದ, “ತೊಳೆದು ತರ್ಲಾ ಅಮ್ಮ?” ಎಂದೆ.

“ತೊಳೀಬೇಡ” ಎಂದರು. “ಅವನು ಕುಡಿದದ್ದು. ನಾನು ತೊಳೆದಿಲ್ಲ.”

ಎಂಜಲು ಎಂದರೆ ಬೆಂಕಿ ಮುಟ್ಟಿದಂತೆ ಹಾರುವ ನಮ್ಮಮ್ಮ, ಈ ಮನೆಯ ಗೋಡೆ ಬಿಟ್ಟು ಉಳಿದೆಲ್ಲವನ್ನೂ ತೊಳೆದ ನಮ್ಮಮ್ಮ, ಒಂದು ಮಗುವಿನ ತುಟಿ ತಾಗಿದ ಅಂಚನ್ನು ನಲವತ್ನಾಲ್ಕು ವರ್ಷ ತೊಳೆಯದೆ ದೇವರ ಹಿಂದೆ ಇಟ್ಟಿದ್ದರು. ಈ ಮನೆಯಲ್ಲಿ ನೀರು ಮುಟ್ಟದ ಪಾತ್ರೆ ಅದೊಂದೇ. ಶ್ರೀಪ್ರಿಯಾಳ ಇನ್‌ಹೇಲರನ್ನು ಸೆರಗಿನಲ್ಲಿ ಒರೆಸಿ ಅದರೊಳಗೆ ಇಟ್ಟರು. “ಇಲ್ಲಿ ಒಣಗಿರತ್ತೆ,” ಎಂದರು. ಅಂದಿನಿಂದ ಅದರ ಜಾಗ ಅದೇ.

ನಾನು ಪೆನ್ನು ಮುಚ್ಚಿದೆ.

ಆದ್ದರಿಂದ ಮಾನ್ಯರೇ, ನಿಮ್ಮ ಎರಡೂ ನಮೂನೆಗಳನ್ನು ಸಹಿ ಇಲ್ಲದೆ ಹಿಂದಿರುಗಿಸುತ್ತಿದ್ದೇನೆ. ಬದಲಿಗೆ ನಾನು ಕೇಳುವುದು ಇಷ್ಟು. ನಿಮ್ಮ ರಿಜಿಸ್ಟರಿನಲ್ಲಿ, ಓಡಿದ ಸಮಯದ ಕಾಲಮ್ಮಿನ ಬಲಕ್ಕೆ, ಇನ್ನೊಂದು ಕಾಲಂ ಎಳೆಯಿರಿ. ಸ್ಕೇಲು ಇಲ್ಲದಿದ್ದರೆ ಹೇಳಿ, ಕಳಿಸುತ್ತೇನೆ. ಅದರ ತಲೆಯ ಮೇಲೆ ‘ಹತ್ತು ನಿಮಿಷದ ನಂತರ’ ಎಂದು ಬರೆಯಿರಿ. ಪ್ರತಿ ಮಗುವನ್ನೂ ಹತ್ತು ನಿಮಿಷದ ಮೇಲೆ ಇನ್ನೊಮ್ಮೆ ಕರೆದು, ತನ್ನ ಹೆಸರು, ಅಪ್ಪನ ಹೆಸರು, ಬೀದಿಯ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿಸಿ. ಹೇಳಿದರೆ ಟಿಕ್ ಹಾಕಿ, ನಡುವೆ ತುಂಡಾದರೆ ಓಡಿಬನ್ನಿ. ಅಷ್ಟರ ಮಟ್ಟಿಗೆ ನೋಡಲು ಡಾಕ್ಟರೇ ಬೇಕಿಲ್ಲ. ಹಾಸನದ ಒಬ್ಬ ಹುಡುಗಿ ಪದ ಎಣಿಸಿಯೇ ಕಂಡು ಹಿಡಿದಳು. ಉಸಿರಿನ ಮದ್ದನ್ನು ಬೀರುವಿನಿಂದ ಬಿಡುಗಡೆ ಮಾಡಿ, ಮಗುವಿನ ಜೇಬಿಗೆ ಕೊಡಿ. ಓಟಕ್ಕೆ ಮೊದಲು ಮೈ ಕಾಯಿಸಲು ಹತ್ತು ನಿಮಿಷ ಬಿಡಿ, ನಿಮ್ಮ ಆನ್‌ಲೈನು ಕಾಯಲಿ, ಅದಕ್ಕೆ ಉಬ್ಬಸವಿಲ್ಲ. ಮತ್ತು ಆ ಒಂದು ವಾಕ್ಯವನ್ನು, ಕಾರ್ಯಕ್ರಮ ಮುಕ್ತಾಯಗೊಂಡ ತರುವಾಯ ಎಂಬುದನ್ನು, ನಿಮ್ಮ ಕಚೇರಿಯ ಎಲ್ಲ ಕಂಪ್ಯೂಟರುಗಳಿಂದ ಅಳಿಸಿ. ನಿಮ್ಮ ಕಾಲದಲ್ಲೇ ಅಳಿಸಿ. ಮುಂದಿನವರಿಗೆ ದಾಟಿಸಬೇಡಿ.

ನೀವು ಒಪ್ಪದಿದ್ದರೆ? ಫೆಬ್ರವರಿ ಒಂಬತ್ತಕ್ಕೆ ನಾನು ಬರುತ್ತೇನೆ. ಸಹಿಯಿಲ್ಲದ ಹುಡುಗಿ ಓಡಬಾರದೆಂದರೆ, ಅವಳನ್ನು ಗೆರೆಯಿಂದ ಹೊರಗೆ ಕಳಿಸುವ ಕೆಲಸವನ್ನು ನೀವೇ ಬಂದು, ಅವಳ ಮುಖ ನೋಡಿ ಮಾಡಿ. ಓಡಲು ಬಿಟ್ಟರೆ, ಹಗ್ಗದ ಆಚೆ ನಿಲ್ಲುವವನು ನಾನಲ್ಲ. ಮುಕ್ತಾಯದ ಗೆರೆಯ ಪಕ್ಕ ನಿಲ್ಲುತ್ತೇನೆ. ಒಂದು ಕೈಯಲ್ಲಿ ಅವಳ ಚಪ್ಪಲಿ, ಇನ್ನೊಂದರಲ್ಲಿ ನನ್ನ ಅಂಗಡಿಯ ಸ್ಟಾಪ್‌ವಾಚು. ನಿಮ್ಮದು ನಿಂತ ಕ್ಷಣಕ್ಕೆ ನನ್ನದು ಶುರುವಾಗುತ್ತದೆ. ಪಕ್ಕದಲ್ಲಿ ಒಂದು ಕುರ್ಚಿ ಹಾಕಿಸಿರುತ್ತೇನೆ, ನಿಮಗಾಗಿ. ಹತ್ತೇ ನಿಮಿಷ. ಬನ್ನಿ, ಕೂತು ನೋಡಿ.

ಇಂತಿ,
ಭಾರ ಇಳಿದು ನಲವತ್ನಾಲ್ಕು ವರ್ಷವಾದರೂ ಮುಳ್ಳು ಸೊನ್ನೆಗೆ ಮರಳದ,
ಕಮಲಾಕರ
ತಕ್ಕಡಿ ರಿಪೇರಿಯವನು, ಮಾಧವರಂ
(ಗುರುಚರಣನ ತಮ್ಮ, ಶ್ರೀಪ್ರಿಯಾಳ ಅಪ್ಪ)